ವ್ಯೂಹ ಕಲಿಸಿದ ಗುರು

ಬೀದರಿನ ಹುಡುಗರಾದ ನಮಗೆ ವಿಮಾನದ ಸದ್ದು ಹೊಸದಲ್ಲ. ತರಗತಿಯಲ್ಲಿ ಅಧ್ಯಾಪಕರು ಪಾಠ ಹೇಳುತ್ತಿರುವಾಗ ಮೇಲಿನಿಂದ ಗುಡುಗಿನಂತಹ ಸದ್ದು ಕೇಳಿಬಂದರೆ ಅವರು ಅರ್ಧ ವಾಕ್ಯಕ್ಕೆ ನಿಲ್ಲಿಸಿ, ಸದ್ದು ಕಳೆದ ಮೇಲೆ ಉಳಿದರ್ಧವನ್ನು ಮುಗಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. 1996ರಲ್ಲಿ ನಮ್ಮ ಊರಿನ ವಾಯುಪಡೆಯ ನೆಲೆಯಲ್ಲಿ ಹುಟ್ಟಿದ ಸೂರ್ಯಕಿರಣ ತಂಡದ ಒಂಬತ್ತು ವಿಮಾನಗಳು ಬಾಣದ ಮೊನೆಯ ಆಕಾರದಲ್ಲಿ ಹಾದುಹೋಗುವುದನ್ನು ನೋಡಲು ಊಟದ ಡಬ್ಬಿಯನ್ನು ಹಾಗೆಯೇ ಬಿಟ್ಟು ಓಡಿದವರಲ್ಲಿ ನಾನೂ ಒಬ್ಬನು.

ಚಿಕ್ಕಂದಿನಲ್ಲಿ ನನಗೆ ಇದರಲ್ಲಿ ಒಂದು ಸಂದೇಹವಿತ್ತು. ಒಂಬತ್ತು ಮಂದಿ ಒಬ್ಬರಿಗೊಬ್ಬರು ತಗಲದಂತೆ ಅಷ್ಟು ಹತ್ತಿರದಲ್ಲಿ ಹೇಗೆ ಹಾರುತ್ತಾರೆ? ಹಗ್ಗ ಕಟ್ಟಿರಬೇಕೆಂದು ಗೆಳೆಯನೊಬ್ಬ ಹೇಳಿದ್ದನು. ನಾನು ಅದನ್ನು ಬಹುಕಾಲ ನಂಬಿದ್ದೆ. ನಿಜವಾದ ಉತ್ತರದ ಒಂದು ತುಣುಕು ಸಿಕ್ಕಿದ್ದು ನಮ್ಮ ಹೊಲದಲ್ಲಿ. ಆಗ ನಮ್ಮ ಓಣಿಯಲ್ಲಿ ಟ್ರ್ಯಾಕ್ಟರು ಇನ್ನೂ ಎಲ್ಲರಿಗೂ ಎಟುಕಿರಲಿಲ್ಲ. ಮುಯ್ಯಿಗೆ ಮುಯ್ಯಿ ಎಂದು ನಾಲ್ಕು ಮನೆಯ ಎತ್ತುಗಳು ಒಂದೇ ಹೊಲಕ್ಕೆ ಬರುತ್ತಿದ್ದವು. ನಾಲ್ಕು ಕುಂಟೆಗಳು ಒಂದರ ಹಿಂದೊಂದು ಓರೆಯಾಗಿ ಸಾಗುತ್ತಿದ್ದವು. ಹಿಂದಿನವನು ತನ್ನ ಕಾಲ ಬುಡವನ್ನು ನೋಡಬಾರದು, ಮುಂದಿನ ಜೋಡಿಯನ್ನೇ ನೋಡಬೇಕು ಎಂದು ಅಪ್ಪ ಹೇಳಿಕೊಟ್ಟಿದ್ದರು. ಸಾಲು ನೇರವಾಗಿಸುವ ಹೊಣೆ ಮುಂದಿನವನದು. ಅವನನ್ನು ಬಿಡದೆ ಹಿಂಬಾಲಿಸುವ ಹೊಣೆ ಉಳಿದವರದು.

ವಿಮಾನದ ವ್ಯೂಹದಲ್ಲಿಯೂ ಮೂಲಸೂತ್ರ ಇದೇ. ಹಿಂದಿನ ಚಾಲಕನು ನಾಯಕನ ವಿಮಾನದ ಮೇಲೆ ಎರಡು ಗುರುತುಗಳನ್ನು ಆರಿಸಿಕೊಳ್ಳುತ್ತಾನೆ. ರೆಕ್ಕೆಯ ತುದಿಯ ದೀಪ ಮತ್ತು ಮೈಮೇಲಿನ ಒಂದು ಚಿಹ್ನೆ ಎಂದಿಟ್ಟುಕೊಳ್ಳಿ. ಆ ಎರಡೂ ಒಂದೇ ಗೆರೆಯಲ್ಲಿ ಕಾಣುವಷ್ಟು ಕಾಲ ಅವನು ತನ್ನ ಜಾಗದಲ್ಲಿದ್ದಾನೆ. ಗುರುತು ಸರಿದರೆ ಎಂಜಿನ್ನಿನ ಬಲವನ್ನು ಒಂದು ಎಳೆಯಷ್ಟು ಹೆಚ್ಚಿಸಬೇಕು, ಇಲ್ಲವೆ ತಗ್ಗಿಸಬೇಕು. ಹೊಸಬರು ಮಾಡುವ ತಪ್ಪೆಂದರೆ ಹೆಚ್ಚು ತಿದ್ದುವುದು. ತಿದ್ದಿದ್ದನ್ನು ಮತ್ತೆ ತಿದ್ದುತ್ತ ಗಾಳಿಯಲ್ಲಿ ಉಯ್ಯಾಲೆಯಾಡುವುದು. ನಾಯಕನು ಕಣ್ಣಿಗೆ ಮರೆಯಾದನೋ, ಆ ಕ್ಷಣವೇ ಅವನಿಂದ ದೂರಕ್ಕೆ ತಿರುಗಿಬಿಡಬೇಕು. ಇಲ್ಲೇ ಎಲ್ಲೋ ಇದ್ದಾನೆಂದು ಊಹಿಸಿ ಮುಂದುವರಿಯಕೂಡದು. ಇಂದು ಸಣ್ಣ ಖಾಸಗಿ ವಿಮಾನ ಇಟ್ಟುಕೊಂಡ ಹವ್ಯಾಸಿಗಳು ಕೂಡ ಈ ವಿದ್ಯೆಯನ್ನು ಕಲಿಯುತ್ತಾರೆ. ಅವರಿಗೂ ನೆಲದ ಮೇಲೆ ನಿಂತು ಮೊದಲು ಒಪ್ಪಿಸಬೇಕಾದ ಪಾಠ ಇದೇ.

ಐಚ್ಛಿಕ ಇತಿಹಾಸದ ತರಗತಿಯಲ್ಲಿ ಮೊದಲನೆಯ ಮಹಾಯುದ್ಧದ ಮೇಲೆ ಪ್ರಬಂಧ ಓದಬೇಕಾಗಿ ಬಂದಾಗ, ಈ ಜೊತೆಹಾರಾಟವನ್ನು ಒಂದು ಪಾಠವಾಗಿ ಕಟ್ಟಿ ಶಿಷ್ಯರಿಗೆ ಕಲಿಸಿದವರಲ್ಲಿ ಮೊದಲಿಗನೆಂದು ಹೇಳಬಹುದಾದ ಒಬ್ಬನ ಹೆಸರು ನನಗೆ ಸಿಕ್ಕಿತು. ಅವನೇ ಓಸ್ವಾಲ್ಡ್ ಬೋಲ್ಕೆ ಎಂಬ ಜರ್ಮನ್ ತರುಣನು. ಅವನ ಬಾಳು ಇಪ್ಪತ್ತೈದೇ ವರ್ಷದ್ದು. ಅದು ಮುಗಿದ ರೀತಿಯನ್ನು ಓದಿದ ದಿನ ನನಗೆ ರಾತ್ರಿ ಸರಿಯಾಗಿ ನಿದ್ರೆ ಬರಲಿಲ್ಲ.

ಬೋಲ್ಕೆ ಹುಟ್ಟಿದ್ದು 1891ನೆಯ ಇಸವಿ ಮೇ 19ರಂದು, ಹಾಲೆ ನಗರದ ಬಳಿಯ ಗೀಬಿಖೆನ್‌ಸ್ಟೈನ್ ಎಂಬಲ್ಲಿ. ತಂದೆ ಶಾಲಾ ಉಪಾಧ್ಯಾಯರು. ಮನೆ ತುಂಬ ಮಕ್ಕಳು. ಮುಂದೆ ಕುಟುಂಬವು ಡೆಸ್ಸೌ ಎಂಬ ಊರಿಗೆ ಬಂದು ನೆಲೆಸಿತು. ಹುಡುಗನಿಗೆ ಉಬ್ಬಸದ ತೊಂದರೆಯಿತ್ತು. ಆದರೂ ಈಜು, ಓಟ, ಬೆಟ್ಟ ಹತ್ತುವುದು ಎಂದರೆ ಎಲ್ಲರಿಗಿಂತ ಮುಂದು. ಸೈನ್ಯ ಸೇರಬೇಕೆಂಬ ಹಟ ಅವನಿಗೆ ಎಷ್ಟಿತ್ತೆಂದರೆ, ಹದಿಮೂರನೆಯ ವಯಸ್ಸಿನಲ್ಲಿ ಸೈನಿಕ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಬೇಕೆಂದು ನೇರವಾಗಿ ಕೈಸರನಿಗೇ ಪತ್ರ ಬರೆದುಬಿಟ್ಟನು! ತಂದೆತಾಯಿಗಳು ಒಪ್ಪದೆ, ಶಾಲೆಯ ಓದು ಮುಗಿಯಲಿ ಎಂದು ತಡೆದರು. ಓದು ಮುಗಿಸಿಯೇ 1911ರಲ್ಲಿ ಕೋಬ್ಲೆನ್ಸ್ ಪಟ್ಟಣದ ತಂತಿ ಪಡೆಯನ್ನು ಸೇರಿದನು.

1914ರ ಬೇಸಿಗೆಯಲ್ಲಿ ಹಾಲ್ಬರ್‌ಷ್ಟಾಟ್ ಎಂಬಲ್ಲಿ ಅವನು ವಿಮಾನ ನಡೆಸಲು ಕಲಿತನು. ಪರೀಕ್ಷೆ ಮುಗಿಯುವಷ್ಟರಲ್ಲಿ ಯುದ್ಧ ಆರಂಭವಾಗಿ ಎರಡು ವಾರ ಕಳೆದಿತ್ತು. ಅಣ್ಣ ವಿಲ್ಹೆಲ್ಮ್ ಅದಾಗಲೇ ವಿಮಾನದಳದಲ್ಲಿ ವೀಕ್ಷಕನಾಗಿದ್ದನು. ತಮ್ಮ ನಡೆಸುವುದು, ಅಣ್ಣ ಹಿಂದೆ ಕುಳಿತು ಶತ್ರುವಿನ ನೆಲೆಗಳನ್ನು ಗುರುತು ಹಾಕುವುದು. ಹೀಗೆ ಕೆಲವು ತಿಂಗಳು ನಡೆಯಿತು. ಅಣ್ಣತಮ್ಮಂದಿರು ಬೇರೆ ಯಾರ ಜೊತೆಗೂ ಹಾರುವುದಿಲ್ಲವೆಂದು ದಳದಲ್ಲಿ ಗೊಣಗಾಟ ಎದ್ದು, ಕಡೆಗೆ ಇಬ್ಬರನ್ನೂ ಬೇರ್ಪಡಿಸಿದರು.

1915ರಲ್ಲಿ ಬೋಲ್ಕೆ ಫ್ರಾನ್ಸಿನ ದೂಏ ಎಂಬಲ್ಲಿದ್ದ ದಳಕ್ಕೆ ಬಂದನು. ಅಲ್ಲಿ ಮಾಕ್ಸ್ ಇಮ್ಮೆಲ್‌ಮಾನ್ ಅವನ ಜೊತೆಗಾರನಾದನು. ತಿರುಗುವ ಪಂಖದ ಎಲೆಗಳ ನಡುವಿನಿಂದ, ಎಲೆಗಳಿಗೆ ತಗಲದಂತೆ ಗುಂಡು ಹಾರಿಸುವ ಯಂತ್ರವನ್ನು ಅಳವಡಿಸಿದ ಫೊಕ್ಕರ್ ಏಕರೆಕ್ಕೆಯ ವಿಮಾನ ಆಗ ತಾನೇ ಬಂದಿತ್ತು. ಆವರೆಗೆ ಪ್ರತಿಯೊಬ್ಬ ಚಾಲಕನೂ ತನ್ನ ಪಾಡಿಗೆ ತಾನು ಬೇಟೆಗೆ ಹೋಗುವ ಒಂಟಿ ಹದ್ದು. ಒಬ್ಬನು ದಾಳಿ ಮಾಡುವಾಗ ಇನ್ನೊಬ್ಬನು ಅವನ ಬೆನ್ನು ಕಾಯಬೇಕೆಂಬ ಯೋಚನೆ ಈ ಇಬ್ಬರ ಜೊತೆಹಾರಾಟದಲ್ಲಿ ಮೊಳೆಯಿತು. ಚಾಲಕನಿಗೆ ತನ್ನ ಬೆನ್ನು ಕಾಣದು. ಬೆನ್ನನ್ನು ಕಾಣುವವನು ಜೊತೆಗಾರನೊಬ್ಬನೇ. ಇಂದು ನಮಗೆ ಇದು ತೀರ ಸಹಜವಾಗಿ ತೋರಬಹುದು. ಮೊದಲು ಯೋಚಿಸಿದವನಿಗೆ ಹಾಗೆ ತೋರಿರಲಾರದು.

ಆ ವರ್ಷ ಆಗಸ್ಟ್ ತಿಂಗಳಲ್ಲಿ ಅಲ್ಲಿಯ ಕಾಲುವೆಯೊಂದರಲ್ಲಿ ಫ್ರೆಂಚ್ ಬಾಲಕನೊಬ್ಬನು ಬಿದ್ದು ಮುಳುಗುತ್ತಿದ್ದುದನ್ನು ಬೋಲ್ಕೆ ಕಂಡನು. ಉಟ್ಟ ಬಟ್ಟೆಯಲ್ಲಿಯೇ ಧುಮುಕಿ ಅವನನ್ನು ಬದುಕಿಸಿದನು. ಹುಡುಗನು ಶತ್ರುದೇಶದವನು. ಅವನ ತಂದೆತಾಯಿಗಳು ಈ ಜರ್ಮನ್ ಅಧಿಕಾರಿಗೆ ಫ್ರಾನ್ಸಿನ ಪದಕ ಸಿಗಬೇಕೆಂದು ಆಸೆಪಟ್ಟರಂತೆ. ಸಿಕ್ಕಿದ್ದು ಪ್ರಷ್ಯದ ಜೀವರಕ್ಷಕ ಪದಕ. 1916ರ ಜನವರಿ 12ರಂದು ಅವನಿಗೂ ಇಮ್ಮೆಲ್‌ಮಾನನಿಗೂ ಒಟ್ಟಿಗೆ ಆ ದೇಶದ ಅತ್ಯುನ್ನತ ಶೌರ್ಯಪ್ರಶಸ್ತಿಯಾದ ಪೂರ್ ಲ ಮೆರಿತ್ ದೊರೆಯಿತು; ವಿಮಾನ ಚಾಲಕರಲ್ಲಿ ಅದನ್ನು ಮೊದಲು ಪಡೆದವರು ಇವರಿಬ್ಬರೇ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಾನು ಪ್ರಬಂಧ ಓದಿದಾಗ ನಮ್ಮ ಅಧ್ಯಾಪಕರೊಬ್ಬರು ಎದ್ದು, ನಲವತ್ತು ವಿಮಾನಗಳನ್ನು ಕೆಡವಿದವನನ್ನು ಹೊಗಳುವುದೆಂದರೆ ಆ ವಿಮಾನಗಳೊಳಗೆ ಇದ್ದವರನ್ನು ಮರೆಯುವುದಲ್ಲವೇ ಎಂದು ಕೇಳಿದರು. ನನ್ನ ಬಾಯಿ ಕಟ್ಟಿತು. ಒಂದು ಜೀವವನ್ನು ಉಳಿಸಲು ಕಾಲುವೆಗೆ ಹಾರಿದ ಕೈಗಳೇ ಮರುವಾರ ಬಂದೂಕಿನ ಗುಂಡಿಯನ್ನು ಒತ್ತುತ್ತಿದ್ದವು. ಇದಕ್ಕೆ ಅಂದೂ ನನ್ನಲ್ಲಿ ಉತ್ತರವಿರಲಿಲ್ಲ, ಇಂದೂ ಇಲ್ಲ. ಅವನು ಹೋರಾಡಿದ್ದು ಒಂದು ಸಾಮ್ರಾಜ್ಯದ ಪರವಾಗಿ, ಎದುರಿಗಿದ್ದುದೂ ಸಾಮ್ರಾಜ್ಯವೇ. ಆ ಎದುರಿನ ಸಾಮ್ರಾಜ್ಯದ ಖರ್ಚಿನಲ್ಲಿ ನಮ್ಮ ಪಾಲೂ ಇತ್ತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಆಗ ಬೀದರು ನಿಜಾಮರ ಹೈದರಾಬಾದು ಸಂಸ್ಥಾನದ ಒಂದು ಜಿಲ್ಲೆ. ಮೂಲದಲ್ಲಿ ಹೈದರಾಬಾದ್ ಕಂಟಿಂಜೆಂಟಿಗೆ ಸೇರಿದ್ದ ಡೆಕ್ಕನ್ ಹಾರ್ಸ್ ಎಂಬ ಕುದುರೆಪಡೆಯು 1916ರ ಜುಲೈ 14ರಂದು ಸೋಮ್ ನದಿಯ ಪ್ರಾಂತದಲ್ಲಿ ಭರ್ಜಿ ಹಿಡಿದು ಏರಿಹೋಯಿತು. 1918ರಲ್ಲಿ ಬ್ರಿಟಿಷರ 110ನೆಯ ಸ್ಕ್ವಾಡ್ರನ್ನಿಗೆ ಮೊದಲ ವಿಮಾನಗಳನ್ನು ಕೊಳ್ಳಲು ಹಣ ಕೊಟ್ಟವರು ನಿಜಾಮರು. ಆ ಸ್ಕ್ವಾಡ್ರನ್ನಿಗೆ ಹೈದರಾಬಾದಿನ ಹೆಸರೇ ಬಂದಿತು. ಹಾಡಹಗಲಿನಲ್ಲಿ ವ್ಯೂಹ ಕಟ್ಟಿಕೊಂಡು ಜರ್ಮನಿಯ ಪಟ್ಟಣಗಳ ಮೇಲೆ ಬಾಂಬು ಹಾಕಲು ಹೋದ ಆ ವಿಮಾನಗಳಲ್ಲಿ ಅನೇಕವು ಮರಳಲಿಲ್ಲ. ನಿಜಾಮರ ಬೊಕ್ಕಸವನ್ನು ತುಂಬಿದವರು ಯಾರು? ಜೋಳ, ತೊಗರಿ ಬೆಳೆದು ಕಂದಾಯ ಕಟ್ಟಿದ ರೈತರು. ನನ್ನ ಮುತ್ತಜ್ಜನ ಕಾಲದವರು ವಿಮಾನವನ್ನು ಕಣ್ಣಿಂದ ಕಂಡಿರಲಿಕ್ಕಿಲ್ಲ. ಅದರ ಬೆಲೆಯನ್ನು ಮಾತ್ರ ಕೊಟ್ಟಿದ್ದರು.

ಮತ್ತೆ ಬೋಲ್ಕೆಯ ಕಥೆಗೆ ಬರೋಣ. 1916ರ ಜೂನ್ 18ರಂದು ಇಮ್ಮೆಲ್‌ಮಾನ್ ಸತ್ತನು. ಇಬ್ಬರು ವೀರರಲ್ಲಿ ಒಬ್ಬನು ಹೋದ ಮೇಲೆ ಇನ್ನೊಬ್ಬನನ್ನೂ ಕಳೆದುಕೊಳ್ಳಲು ಕೈಸರನಿಗೆ ಧೈರ್ಯವಾಗಲಿಲ್ಲ. ಬೋಲ್ಕೆ ಸದ್ಯಕ್ಕೆ ಯುದ್ಧಕ್ಕೆ ಹಾರಕೂಡದೆಂದು ಅಪ್ಪಣೆಯಾಯಿತು. ಅವನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಆದರೆ ಬಲವಂತದ ಆ ಬಿಡುವಿನಲ್ಲಿಯೇ ಅವನು ತನ್ನ ಬಾಳಿನ ಮುಖ್ಯವಾದ ಕೆಲಸವನ್ನು ಮಾಡಿದನು. ವಿಮಾನದಳದ ಮುಖ್ಯಾಧಿಕಾರಿಯ ಕಚೇರಿಯಲ್ಲಿ ಕುಳಿತು, ಗಾಳಿಯಲ್ಲಿ ಕಾದುವ ರೀತಿಯನ್ನು ಎಂಟು ಸೂತ್ರಗಳಲ್ಲಿ ಬರೆದುಕೊಟ್ಟನು. ಒಂದು ಹಾಳೆಯಲ್ಲಿ ಹಿಡಿಸುವಷ್ಟು ಚಿಕ್ಕ ಬರಹ. ಸೂರ್ಯನು ಬೆನ್ನಿಗಿರುವಂತೆ ನೋಡಿಕೊಳ್ಳುವುದು, ತೀರ ಹತ್ತಿರವಾಗುವ ತನಕ ಗುಂಡು ಹಾರಿಸದಿರುವುದು, ಎದುರಾಳಿಯ ಮೇಲಿಂದ ಕಣ್ಣು ಕೀಳದಿರುವುದು, ಪರರ ನೆಲದ ಮೇಲಿರುವಾಗ ಹಿಂದಿರುಗುವ ದಾರಿಯನ್ನು ನೆನಪಿನಲ್ಲಿಡುವುದು ಮೊದಲಾದವು ಅದರಲ್ಲಿವೆ. ಎಂಟನೆಯ ಸೂತ್ರ ಗುಂಪಿಗೆ ಸಂಬಂಧಿಸಿದ್ದು. ನಾಲ್ಕು ಅಥವಾ ಆರು ವಿಮಾನಗಳ ಗುಂಪಾಗಿಯೇ ದಾಳಿ ಮಾಡಬೇಕು. ಗುಂಪು ಚೆದುರಿ ಬಿಡಿಕಾಳಗವಾದಾಗ, ಹಲವರು ಒಬ್ಬನೇ ಎದುರಾಳಿಯ ಮೇಲೆ ಬೀಳದಂತೆ ಎಚ್ಚರ ವಹಿಸಬೇಕು ಎಂಬುದು ಅದರ ಸಾರ. ವಾಚಕರು ಈ ಎಂಟನೆಯದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಆ ಬಳಿಕ ಅವನನ್ನು ಬಾಲ್ಕನ್ ದೇಶಗಳಿಗೂ ತುರ್ಕಿಗೂ ಪ್ರವಾಸ ಕಳುಹಿಸಿದರು. ಅಷ್ಟರಲ್ಲಿ ಸೋಮ್ ಪ್ರಾಂತದಲ್ಲಿ ಬ್ರಿಟಿಷರ ಕೈ ಮೇಲಾಗಿ, ಹೊಸ ದಳವೊಂದನ್ನು ಕಟ್ಟಲು ಬೋಲ್ಕೆಗೆ ಕರೆ ಬಂದಿತು. ಚಾಲಕರನ್ನು ಅವನೇ ಆರಿಸಿಕೊಳ್ಳಬಹುದಾಗಿತ್ತು. ಹಿಂದಿರುಗುವ ದಾರಿಯಲ್ಲಿ, ಅಣ್ಣ ವಿಲ್ಹೆಲ್ಮನಿದ್ದ ಪೂರ್ವರಂಗದ ಕೋವೆಲ್ ಎಂಬಲ್ಲಿ ಇಳಿದು ಇಬ್ಬರನ್ನು ಆರಿಸಿದನು. ಒಬ್ಬನು ಮಾನ್‌ಫ್ರೆಡ್ ಫಾನ್ ರಿಖ್ತ್‌ಹೋಫನ್. ಮುಂದೆ ಎಂಬತ್ತು ವಿಮಾನಗಳನ್ನು ಕೆಡವಿ ಲೋಕಪ್ರಸಿದ್ಧನಾದವನು, ಆಗ ಇನ್ನೂ ಹೆಸರಿಲ್ಲದ ಅಶ್ವದಳದ ತರುಣನು. ಇನ್ನೊಬ್ಬನು ಎರ್ವಿನ್ ಬೋಮೆ. ಇವನಿಗೆ ಮೂವತ್ತೇಳು ವರ್ಷ. ಯುದ್ಧಕ್ಕೆ ಮೊದಲು ಪೂರ್ವ ಆಫ್ರಿಕದ ಕಾಡುಬೆಟ್ಟಗಳಲ್ಲಿ ಮರ ಸಾಗಿಸುವ ತಂತಿದಾರಿಯ ಕೆಲಸ ನೋಡಿಕೊಂಡಿದ್ದನು. ಗುರುವಿಗಿಂತ ಹನ್ನೆರಡು ವರ್ಷ ಹಿರಿಯ ಶಿಷ್ಯ! ವಯಸ್ಸಾಯಿತೆಂದು ಬೋಲ್ಕೆ ಅವನನ್ನು ಬಿಡಲಿಲ್ಲ. ಮನೆಯಲ್ಲಿ ಯಾರೂ ಓದದೆ, ತಡವಾಗಿ ಅಕ್ಷರಕ್ಕೆ ಬಂದವರ ನಡುವೆ ಬೆಳೆದ ನನಗೆ ಇದನ್ನು ಓದುವಾಗ ಹಿತವೆನಿಸಿತು.

ಆಗಸ್ಟ್ ಕೊನೆಗೆ ಬೆರ್ತಾಂಕೂರ್ ಎಂಬ ಹಳ್ಳಿಯಲ್ಲಿ ಎರಡನೆಯ ಬೇಟೆದಳ ಸೇರಿತು. ಶಿಷ್ಯರು ಬಂದರು, ಅವರಿಗೆ ಬೇಕಾದ ವಿಮಾನಗಳು ಬರಲಿಲ್ಲ. ಬೋಲ್ಕೆ ಬೆಳಿಗ್ಗೆ ಎದ್ದು ಒಬ್ಬನೇ ಹಾರಿಹೋಗಿ ಬರುತ್ತಿದ್ದನು. ಅವನ ಗದ್ದಕ್ಕೆ ಮದ್ದಿನ ಮಸಿ ಹತ್ತಿದ್ದರೆ ಅಂದು ಕಾಳಗವಾಗಿದೆ ಎಂದು ಶಿಷ್ಯರು ತಿಳಿಯುತ್ತಿದ್ದರಂತೆ. ಸೆಪ್ಟೆಂಬರ್ 2ರಂದು ಅವನು ಕೆಡವಿದ ಬ್ರಿಟಿಷ್ ಚಾಲಕನು ಬದುಕಿ ಉಳಿದನು. ಬೋಲ್ಕೆ ಅವನ ಕೈಕುಲುಕಿ, ಊಟದ ಮನೆಗೆ ಕರೆದೊಯ್ದು ಕಾಫಿ ಕೊಟ್ಟು, ತನ್ನ ವಿಮಾನ ನಿಲ್ದಾಣವನ್ನೆಲ್ಲ ತೋರಿಸಿ ಕಳುಹಿಸಿದನು.

ಉಳಿದ ಹೊತ್ತೆಲ್ಲ ಪಾಠ. ಶತ್ರು ವಿಮಾನಗಳ ಒಂದೊಂದು ಬಗೆಯಲ್ಲಿಯೂ ಬಂದೂಕು ಎಲ್ಲಿದೆ, ಕುರುಡು ಮೂಲೆ ಯಾವುದು ಎಂಬುದನ್ನು ಅವನು ಬಿಡಿಸಿ ಹೇಳುತ್ತಿದ್ದನು. ಆಗಿನ ವಿಮಾನದಲ್ಲಿ ಒಬ್ಬರೊಡನೊಬ್ಬರು ಮಾತನಾಡಲು ರೇಡಿಯೋ ಇರಲಿಲ್ಲ. ರೆಕ್ಕೆಯನ್ನು ಅಲ್ಲಾಡಿಸುವುದು, ಕೈಸನ್ನೆ ಮಾಡುವುದು, ಬಣ್ಣದ ಬಾಣಬೆಳಕು ಹಾರಿಸುವುದು ಇಷ್ಟೇ ಭಾಷೆ. ಆದ್ದರಿಂದ ಆಡಬೇಕಾದ ಮಾತನ್ನೆಲ್ಲ ನೆಲದ ಮೇಲೆಯೇ ಆಡಿ ಮುಗಿಸಬೇಕಾಗಿತ್ತು. ಹಾರಿ ಬಂದ ಮೇಲೆ ಪ್ರತಿಯೊಬ್ಬನ ತಪ್ಪನ್ನೂ ಎಲ್ಲರೆದುರು ವಿಮರ್ಶಿಸುತ್ತಿದ್ದನು. ಗೆಲುವು ಯಾರ ಲೆಕ್ಕಕ್ಕೆ ಎಂಬುದಲ್ಲ, ದಳದ ಲೆಕ್ಕಕ್ಕೆ ಬಂತೇ ಎಂಬುದು ಅವನ ಅಳತೆಗೋಲಾಗಿತ್ತು.

ಸೆಪ್ಟೆಂಬರ್ 16ರಂದು ಹೊಸ ಅಲ್ಬಟ್ರಾಸ್ ವಿಮಾನಗಳು ಬಂದವು: ಎರಡು ಅಂತಸ್ತಿನ ರೆಕ್ಕೆ, 160 ಅಶ್ವಶಕ್ತಿಯ ಎಂಜಿನ್ನು, ಒಂದರ ಬದಲು ಎರಡು ಬಂದೂಕು. ಮರುದಿನವೇ ಗುರುವು ಶಿಷ್ಯರನ್ನು ವ್ಯೂಹ ಕಟ್ಟಿ ಕರೆದೊಯ್ದನು. ರಿಖ್ತ್‌ಹೋಫನ್ ತನ್ನ ಮೊದಲ ಜಯ ಪಡೆದದ್ದು ಅಂದು. ಮುಂದಿನ ಆರು ವಾರಗಳಲ್ಲಿ ಆ ಪ್ರಾಂತದ ಆಕಾಶವೇ ಬದಲಾಯಿಸಿತು. ಜೂನ್ ಕೊನೆಗೆ ಹತ್ತೊಂಬತ್ತಿದ್ದ ಬೋಲ್ಕೆಯ ಸ್ವಂತ ಲೆಕ್ಕ ಅಕ್ಟೋಬರ್ 26ಕ್ಕೆ ನಲವತ್ತಾಯಿತು. ದಿನಕ್ಕೆ ನಾಲ್ಕು ಸಲ, ಐದು ಸಲ ಹಾರುತ್ತಿದ್ದನು. ದಣಿವು ಮುಖದಲ್ಲಿ ಕಾಣುತ್ತಿತ್ತೆಂದು ಕಂಡವರು ಬರೆದಿದ್ದಾರೆ.

ಅಕ್ಟೋಬರ್ 28, ಶನಿವಾರ. ಅಂದು ಆಗಲೇ ಹಲವು ಸಲ ಹಾರಿ ಬಂದಿದ್ದ ಬೋಲ್ಕೆ ಮಧ್ಯಾಹ್ನದ ಮೇಲೆ ಮತ್ತೆ ಕರೆ ಬಂದಾಗ ಐವರು ಶಿಷ್ಯರೊಡನೆ ಹೊರಟನು. ಎದುರಿಗೆ ಬ್ರಿಟಿಷರ 24ನೆಯ ಸ್ಕ್ವಾಡ್ರನ್ನಿನ ಎರಡು ಡಿ.ಎಚ್.2 ವಿಮಾನಗಳು. ಇತ್ತ ಆರು, ಅತ್ತ ಎರಡು. ಓದುವವನಿಗೆ ಇದು ಬೋಲ್ಕೆಗೆ ಅನುಕೂಲವಾಗಿ ತೋರುತ್ತದೆ. ವ್ಯೂಹವನ್ನು ಬಲ್ಲವರು ಹಾಗೆ ಹೇಳಲಾರರು. ಅಷ್ಟೇ ಗಾಳಿಯಲ್ಲಿ ಎಂಟು ವಿಮಾನ ಗಿರಕಿ ಹೊಡೆಯುವಾಗ, ಹೆಚ್ಚು ಮಂದಿ ಇರುವವರಿಗೇ ತಮ್ಮವರು ತಮಗೆ ತಗಲುವ ಅಪಾಯ ಹೆಚ್ಚು.

ಬೋಲ್ಕೆ ಮತ್ತು ಬೋಮೆ ಇಬ್ಬರೂ ಒಂದೇ ವಿಮಾನದ ಬೆನ್ನು ಹತ್ತಿದರು. ರಿಖ್ತ್‌ಹೋಫನ್ ಎರಡನೆಯದನ್ನು ಅಟ್ಟಿಕೊಂಡು ಅವರ ಎದುರಿನಲ್ಲಿ ಅಡ್ಡ ಹಾದನು. ಢಿಕ್ಕಿ ತಪ್ಪಿಸಲು ಬೋಲ್ಕೆ ಸರಕ್ಕನೆ ತಿರುಗಿದನು. ಬೋಮೆ ಅವನಿಗಿಂತ ಸ್ವಲ್ಪ ಮೇಲಿದ್ದನು. ಎರಡು ಅಂತಸ್ತಿನ ರೆಕ್ಕೆಯ ವಿಮಾನದಲ್ಲಿ ಕುಳಿತವನಿಗೆ ಮೇಲ್ರೆಕ್ಕೆ ಆಕಾಶದ ಒಂದು ಭಾಗವನ್ನೂ ಕೆಳರೆಕ್ಕೆ ನೆಲದ ಒಂದು ಭಾಗವನ್ನೂ ಮರೆಮಾಡುತ್ತವೆ. ಕೆಳಗಿನವನಿಗೆ ತನ್ನ ಮೇಲ್ರೆಕ್ಕೆ ಅಡ್ಡ. ಮೇಲಿನವನಿಗೆ ತನ್ನ ಕೆಳರೆಕ್ಕೆ ಅಡ್ಡ. ಒಂದು ಕ್ಷಣ ಇಬ್ಬರಿಗೂ ಒಬ್ಬರಿಗೊಬ್ಬರು ಕಾಣಲಿಲ್ಲ. ಬೋಮೆಯ ವಿಮಾನದ ಗಾಲಿಗಳು ಬೋಲ್ಕೆಯ ಮೇಲ್ರೆಕ್ಕೆಯನ್ನು ಸವರಿದವು. ದೊಡ್ಡ ಹೊಡೆತವಲ್ಲ, ಬರಿಯ ಒಂದು ತಾಗು. ಆದರೆ ಬಟ್ಟೆ ಹೊದಿಸಿದ ಮರದ ರೆಕ್ಕೆಗೆ ಅಷ್ಟೇ ಸಾಕಾಯಿತು.

ಮೊದಲು ಬೋಲ್ಕೆಯ ವಿಮಾನ ನಿಧಾನವಾಗಿ ಜಾರುತ್ತ ಇಳಿಯಿತು. ಅವನು ಸಂಭಾಳಿಸಿಕೊಂಡನೆಂದು ಶಿಷ್ಯರಿಗೆ ಆಸೆಯಾಯಿತು. ಮೋಡದೊಳಗೆ ಹೊಕ್ಕ ಮೇಲೆ ರೆಕ್ಕೆ ಹರಿದುಹೋಯಿತು. ನೆಲಕ್ಕೆ ತಾಗಿದ ರಭಸವೇನೂ ಬದುಕಲಾರದಷ್ಟು ಇರಲಿಲ್ಲವಂತೆ. ಆದರೆ ತಲೆಗೆ ಶಿರಸ್ತ್ರಾಣವಿರಲಿಲ್ಲ, ಸೊಂಟದ ಪಟ್ಟಿಯನ್ನು ಬಿಗಿದುಕೊಂಡಿರಲಿಲ್ಲ. ಶಿಷ್ಯರಿಗೆ ಇಂಚಿಂಚನ್ನೂ ಹೇಳಿಕೊಟ್ಟವನು ತನ್ನ ಪಟ್ಟಿಯ ಕೊಂಡಿಯನ್ನು ಹಾಕಿಕೊಳ್ಳದೆ ಹೋದನು!

ಎಂಟನೆಯ ಸೂತ್ರವನ್ನು ಬರೆದವನೇ ಅದರಲ್ಲಿ ಎಡವಿದನೆಂದು ಹೇಳಿಬಿಡುವುದು ಸುಲಭ. ಪ್ರಬಂಧದ ಮೊದಲ ಪ್ರತಿಯಲ್ಲಿ ನಾನೂ ಹಾಗೆಯೇ ಬರೆದಿದ್ದೆ; ಆಮೇಲೆ ಹೊಡೆದುಹಾಕಿದೆ. ಸೂತ್ರವು ತಿಳಿಯದೆ ಹೋದುದರಿಂದ ಆದ ಸಾವಲ್ಲ ಅದು. ತಿಳಿದ ಮೇಲೂ ಕಣ್ಣಿಗೆ ಮರೆಯಾಗುವ ಒಂದು ಮೂಲೆ ಉಳಿದೇ ಉಳಿಯುತ್ತದೆ. 2019ರ ಫೆಬ್ರವರಿ 19ರಂದು ಬೆಂಗಳೂರಿನ ಯಲಹಂಕದಲ್ಲಿ ಪ್ರದರ್ಶನದ ಹಿಂದಿನ ದಿನ ಅಭ್ಯಾಸ ಮಾಡುತ್ತಿದ್ದಾಗ ನಮ್ಮ ಸೂರ್ಯಕಿರಣ ತಂಡದ ಎರಡು ವಿಮಾನಗಳು ತಗಲಿ, ಒಬ್ಬ ಚಾಲಕರು ತೀರಿಕೊಂಡರು. ರೇಡಿಯೋ ಇತ್ತು, ನೂರು ವರ್ಷದ ಅನುಭವವಿತ್ತು, ದೇಶದಲ್ಲಿಯೇ ಆಯ್ದ ಕೈಗಳಿದ್ದವು. ಅಂದು ನಮ್ಮ ಊರಿನಲ್ಲಿ ಸಂಜೆ ಹೋಟೆಲುಗಳಲ್ಲಿ ಜನ ಮೆಲ್ಲನೆ ಮಾತನಾಡುತ್ತಿದ್ದುದು ನನಗೆ ನೆನಪಿದೆ.

ಅಕ್ಟೋಬರ್ 31ರಂದು ಕಾಂಬ್ರೇ ನಗರದ ಇಗರ್ಜಿಯಲ್ಲಿ ಬೋಲ್ಕೆಗೆ ಅಂತಿಮ ಪ್ರಾರ್ಥನೆಯಾಯಿತು. ಅವನ ಪದಕಗಳನ್ನು ಇಟ್ಟ ದಿಂಬನ್ನು ಹೊತ್ತು ನಡೆದವನು ರಿಖ್ತ್‌ಹೋಫನ್. ಬ್ರಿಟಿಷ್ ವಿಮಾನವೊಂದು ಗೆರೆ ದಾಟಿ ಬಂದು, ಧೀರ ಎದುರಾಳಿಯ ನೆನಪಿಗೆಂದು ಹೂವಿನ ಚಕ್ರವೊಂದನ್ನು ಕೆಳಗೆ ಬಿಟ್ಟು ಹೋಯಿತು. ಸೆರೆಯಲ್ಲಿದ್ದ ಬ್ರಿಟಿಷ್ ಅಧಿಕಾರಿಗಳೂ ಒಂದನ್ನು ಕಳುಹಿಸಿದರು. ಹೆಣವನ್ನು ಡೆಸ್ಸೌಗೆ ಒಯ್ದು ಮಣ್ಣು ಮಾಡಿದರು. ಡಿಸೆಂಬರಿನಲ್ಲಿ ಎರಡನೆಯ ಬೇಟೆದಳಕ್ಕೆ ಅವನ ಹೆಸರನ್ನೇ ಇಟ್ಟರು. ಇಂದಿಗೂ ಜರ್ಮನ್ ವಾಯುಪಡೆಯ ಒಂದು ದಳ ಆ ಹೆಸರನ್ನು ಹೊತ್ತಿದೆ.

ಬೋಮೆಯ ವಿಚಾರ ಇಷ್ಟರಲ್ಲಿಯೇ ಕೇಳಬೇಕೆನಿಸಿರಬಹುದು. ನನಗಂತೂ ಬೋಲ್ಕೆಗಿಂತ ಅವನೇ ಹೆಚ್ಚು ಕಾಡಿದನು. ಗಾಲಿ ಮುರಿದ ವಿಮಾನವನ್ನು ಹೇಗೋ ನೆಲಕ್ಕಿಳಿಸಿದಾಗ ಅದು ಮಗುಚಿಬಿತ್ತು. ಅವನಿಗೆ ಏನೂ ಆಗಲಿಲ್ಲ. ತನ್ನನ್ನು ಅಷ್ಟು ದೂರದಿಂದ ಆರಿಸಿ ತಂದ ಗುರು ತನ್ನ ವಿಮಾನವೇ ತಗಲಿ ಸತ್ತನೆಂಬುದನ್ನು ಹೊತ್ತುಕೊಂಡು ಅವನು ಬದುಕಬೇಕಾಯಿತು. ದಳದವರು ಅವನ ಮೇಲೆ ತಪ್ಪು ಹೊರಿಸಲಿಲ್ಲ. ಅವನು ಮತ್ತೆ ಹಾರಿದನು. 1917ರ ಆಗಸ್ಟ್ ತಿಂಗಳಲ್ಲಿ, ಬೋಲ್ಕೆಯ ಹೆಸರು ಹೊತ್ತ ಆ ದಳಕ್ಕೇ ಅವನನ್ನು ನಾಯಕನನ್ನಾಗಿ ನೇಮಿಸಿದರು. ಗುರುವಿನ ಜಾಗದಲ್ಲಿ, ವ್ಯೂಹದ ಮೊನೆಯಲ್ಲಿ ಅವನು ಮೂರು ತಿಂಗಳಿಗೂ ಮಿಕ್ಕಿ ಹಾರಿದನು. ನವೆಂಬರ್ 29ರಂದು ಬೆಲ್ಜಿಯಮಿನ ಜೊನೆಬೇಕ್ ಎಂಬಲ್ಲಿ ಬ್ರಿಟಿಷರ ಗುಂಡಿಗೆ ಬಿದ್ದನು. ಆಗ ಅವನಿಗೆ ಮೂವತ್ತೆಂಟು ವರ್ಷ.